ಮೈಕ್ರೋಮೀಟರಿನ ಬಾಯಿಗೆ ಅರಿಶಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಕಾಯಿದೆ ಇತ್ತು. ದೊಡ್ಡವರು ಬೈಯುವಾಗ ಮಕ್ಕಳು ಬಾಯಿ ತೆರೆದರೆ ಅದು ಎದುರುತ್ತರ, ತೆರೆಯದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಎರಡೂ ಕಡೆ ಏಟು. ನಿನ್ನೆ ನೀನೂ ನಿನ್ನಣ್ಣನೂ ಬಂದು, ಅಜ್ಜಿ, 'ಆನ್ಸರ್' ಅನ್ನೋ ಪದಕ್ಕೆ ಏನೇನು ಅರ್ಥ, ಅದು ಎಲ್ಲಿಂದ ಬಂತು ಅಂತ ಹೋಮ್‌ವರ್ಕಿಗೆ ಕೇಳಿದಿರಲ್ಲ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು, ಆದರೂ ನನಗೆ ಮೊದಲು ನೆನಪಾಗಿದ್ದು ಡಿಕ್ಷನರಿ ಅಲ್ಲ, ನನ್ನ ಅಕ್ಕ.

ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುತ್ತಿದ್ದರು. ಸಂಜೆ ಅವರು ಬಾಗಿಲಿಗೆ ಬರುವ ಮೊದಲೇ ಅಂಗಿಯ ಎಣ್ಣೆ ವಾಸನೆ ಒಳಗೆ ಬರುತ್ತಿತ್ತು. ಅವರ ಹತ್ತಿರ ಒಂದು ಮೈಕ್ರೋಮೀಟರ್ ಇತ್ತು. ಕೂದಲಿನ ದಪ್ಪವನ್ನೂ ಹೇಳಬಲ್ಲ ಅಳತೆಯ ಸಾಮಾನು ಅದು. ಲಾಳದ ಆಕಾರ, ನಡುವೆ ಪುಟ್ಟ ಬಾಯಿ, ತುದಿ ತಿರುಗಿಸಿದರೆ ಕಿರ್ ಕಿರ್ ಅಂತ ಸದ್ದು. ನೀಲಿ ಮಕಮಲ್ಲಿನ ಡಬ್ಬಿಯಲ್ಲಿ ಅದನ್ನು ಮಲಗಿಸಿ ಇಡುತ್ತಿದ್ದರು. ನಮ್ಮನ್ನು ಅಷ್ಟು ಮೆತ್ತಗೆ ಯಾವತ್ತೂ ಮಲಗಿಸಿದವರಲ್ಲ ಬಿಡು.

ಅದನ್ನು ಮುಟ್ಟುವ ಹಕ್ಕು ಇದ್ದದ್ದು ಅಕ್ಕನಿಗೆ ಮಾತ್ರ. ಅವಳು ಆಗ ಎಸ್ಸೆಸ್ಸೆಲ್ಸಿ. ಮುಗಿದ ಮೇಲೆ ಐಟಿಐ ಸೇರಿ ಅಪ್ಪನ ಕೆಲಸವನ್ನೇ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಳು. ಹುಡುಗಿಗೆ ಕಬ್ಬಿಣದ ಕೆಲಸವೇ ಅಂತ ಬೀದಿಯೆಲ್ಲ ನಕ್ಕಿತ್ತು. ಆರು ತಿಂಗಳು ಅಂಗಲಾಚಿದ ಮೇಲೆ ಅಪ್ಪ ಹೂಂ ಅಂದಿದ್ದರು.

ಆ ವರ್ಷ ಆಯುಧಪೂಜೆಗೆ ಅಪ್ಪ ತಮ್ಮ ಸಾಮಾನನ್ನೆಲ್ಲ ಮನೆಗೆ ತಂದು, ಒರೆಸಿ, ದೇವರ ಮುಂದೆ ಸಾಲಾಗಿ ಇಟ್ಟರು. ಸ್ಪ್ಯಾನರಿಗೆ, ಸುತ್ತಿಗೆಗೆ, ಅಮ್ಮನ ಈಳಿಗೆಮಣೆಗೂ ಅಕ್ಕ ಅರಿಶಿನ ಕುಂಕುಮ ಇಟ್ಟಳು. ಮೈಕ್ರೋಮೀಟರಿಗೆ ಮಾತ್ರ ಡಬ್ಬಿಯ ಮೇಲೆ ಇಟ್ಟು ಸುಮ್ಮನಾದಳು. ನನಗೆ ಪಾಪ ಅನ್ನಿಸಿತು. ಎಲ್ಲಕ್ಕೂ ಪೂಜೆ, ಇದಕ್ಕೆ ಮಾತ್ರ ಇಲ್ಲವೇ? ಎಲ್ಲರೂ ಬೂದುಗುಂಬಳಕಾಯಿ ಒಡೆಯಲು ಹೊರಗೆ ಹೋದಾಗ ಡಬ್ಬಿ ತೆಗೆದೆ. ಕಲಸಿದ ಅರಿಶಿನವನ್ನು ಬೆರಳಲ್ಲಿ ತೆಗೆದು, ಮಗುವಿಗೆ ಉಣ್ಣಿಸುವ ಹಾಗೆ ಅದರ ಬಾಯಿಗೇ ಹಚ್ಚಿದೆ. ಆಮೇಲೆ ಭಯವಾಗಿ ಲಂಗದಲ್ಲಿ ಒರೆಸಿ ಮುಚ್ಚಿಟ್ಟೆ. ಒರೆಸಿದ್ದು ಸಾಲದಾಗಿತ್ತು.

ಹಬ್ಬ ಕಳೆದು ಕೆಲಸ ಶುರುವಾದ ದಿನ ಅಪ್ಪ ಸಂಜೆ ಬಂದವರು ಕಾಫಿಯನ್ನೂ ಕೇಳಲಿಲ್ಲ. ಅಂದು ಅವರು ಮಾಡಿದ ಅಷ್ಟೂ ಸಾಮಾನು ರಿಜೆಕ್ಟ್ ಆಗಿತ್ತು. ಒಣಗಿದ ಅರಿಶಿನ ಬಾಯಲ್ಲಿ ತೆಳ್ಳಗೆ ಕೂತು ಅಳತೆಯನ್ನು ಒಂಚೂರು ಜಾಸ್ತಿ ತೋರಿಸಿತ್ತು. ಇನ್ನೂ ದಪ್ಪವಿದೆ ಅಂತ ಅಪ್ಪ ಕಡೆದರು, ಎಲ್ಲವೂ ಸಣ್ಣದಾಯಿತು. ಸಣ್ಣದಾದ ಕಬ್ಬಿಣ ಮತ್ತೆ ದಪ್ಪವಾಗುವುದಿಲ್ಲ.

ಪೂಜೆ ಮಾಡಿದವಳು ಅಕ್ಕ, ಹಾಗಾಗಿ ಬೈಗುಳ ಅವಳಿಗೇ. ನಾನು ಬಾಗಿಲ ಹಿಂದೆ ಹಬ್ಬದ ಕಡ್ಲೆಪುರಿ ತಿನ್ನುತ್ತಾ ನಿಂತಿದ್ದೆ. ಸಾಮಾನಿನ ಮರ್ಯಾದೆ ಗೊತ್ತಿಲ್ಲದವಳಿಗೆ ಐಟಿಐ ಯಾಕೆ, ಪರೀಕ್ಷೆ ಮುಗಿಸಿ ಮನೆಯಲ್ಲಿರು ಅಂದುಬಿಟ್ಟರು ಅಪ್ಪ. ಅಕ್ಕ ನಾನಲ್ಲ ಅಂದಳು. ಎದುರುತ್ತರ ಕೊಡಬೇಡ ಅಂತ ಅಮ್ಮ ಗದರಿದರು. ಅಕ್ಕ ನೆಟ್ಟಗೆ ದೇವರ ಮುಂದೆ ಹೋಗಿ, ಉರಿಯುತ್ತಿದ್ದ ದೀಪದ ಕಂಬ ಮುಟ್ಟಿದಳು.

"ದೀಪದಾಣೆ ಅಪ್ಪ, ನಾನು ಡಬ್ಬಿ ತೆಗೆದೇ ಇಲ್ಲ."

ನನ್ನ ಬಾಯಲ್ಲಿದ್ದ ಪುರಿ ನೆಂದು ಮುದ್ದೆಯಾಗಿ ಗಂಟಲಲ್ಲಿ ಇಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ನೋಡಿಕೊಂಡದ್ದು ಲಂಗ. ಹಳದಿ ಕಲೆ ಅಲ್ಲೇ ಇತ್ತು. ಹೊರಗೆ ಬಂದು ಕಲೆ ತೋರಿಸಿದೆ. ಅದಕ್ಕೂ ಪೂಜೆ ಆಗಲಿ ಅಂತ ಮಾಡಿದೆ ಅಂತ ಅಳುತ್ತಾ ಹೇಳಿದೆ.

ಅಪ್ಪ ಹೊಡೆಯುತ್ತಾರೆ ಅಂದುಕೊಂಡೆ. ಅವರು ಡಬ್ಬಿ ತೆಗೆದು ಮೈಕ್ರೋಮೀಟರಿನ ಬಾಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಅಳೆಯೋ ಮೊದಲು ಬಾಯಿ ಒರೆಸಿ, ಅದನ್ನು ಮುಚ್ಚಿದಾಗ ಸರಿಯಾಗಿ ಸೊನ್ನೆ ತೋರಿಸುತ್ತದಾ ಅಂತ ನೋಡುವುದು ಅವರ ಕೆಲಸದ ಮೊದಲ ಪಾಠವಂತೆ. "ಅದನ್ನು ಬಿಟ್ಟದ್ದು ನಾನೇ, ನಾಳೆ ಮಾಲೀಕರಿಗೆ ಹಾಗೇ ಹೇಳುತ್ತೇನೆ," ಅಂದರು. ಹಾಗೇ ಹೇಳಿದರು ಕೂಡ. ನನ್ನ ಹೆಸರಾಗಲೀ ಅಕ್ಕನ ಹೆಸರಾಗಲೀ ಕಾರ್ಖಾನೆಯ ಬಾಗಿಲು ದಾಟಲಿಲ್ಲ. ಆ ಸಂಜೆ ಅವರು ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟರು. "ಒರೆಸಿ ಸೊನ್ನೆಗೆ ತಂದುಕೊಡಮ್ಮ," ಅಂದರು. ಅಷ್ಟೇ. ಅಕ್ಕ ಆಗ ಅತ್ತಳು.

ಅವಳು ಐಟಿಐ ಮುಗಿಸಿ, ರಿಟೈರ್ ಆಗುವವರೆಗೂ ಪೀಣ್ಯದಲ್ಲೇ ಅಳತೆ ನೋಡುವ ಕೆಲಸ ಮಾಡಿದಳು. ನಾನು ಟೀಚರಾದೆ. ಒಂದು ದಿನ ಪಾಠಕ್ಕೆ ತಯಾರಿ ಮಾಡುವಾಗ 'ಆನ್ಸರ್' ಪದದ ಮೂಲ ಓದಿ ಮೈ ಜುಂ ಅಂದಿತು. ಹಳೇ ಇಂಗ್ಲಿಷಿನಲ್ಲಿ ಅದರ ಮೊದಲ ಅರ್ಧಕ್ಕೆ 'ಎದುರಾಗಿ' ಅಂತ ಅರ್ಥ, ಉಳಿದದ್ದು ಆಣೆ ಇಡುವುದಕ್ಕೆ ಸಂಬಂಧಿಸಿದ್ದು. ತನ್ನ ಮೇಲೆ ಬಂದ ಆಪಾದನೆಗೆ ಎದುರು ನಿಂತು ಆಣೆ ಮಾಡಿ ಹೇಳುವ ಮಾತೇ ಮೊದಲು 'ಆನ್ಸರ್' ಆಗಿತ್ತಂತೆ. ಪ್ರಶ್ನೆಪತ್ರಿಕೆಯ ಉತ್ತರ, ಫೋನ್ ಎತ್ತುವುದು, ಬಾಗಿಲು ತಟ್ಟಿದರೆ ಹೋಗಿ ತೆರೆಯುವುದು, ಇವೆಲ್ಲ ಆಮೇಲೆ ಸೇರಿಕೊಂಡ ಅರ್ಥ. ಆದ ತಪ್ಪಿಗೆ ನಾನು ಹೊಣೆ ಅನ್ನುವುದಕ್ಕೂ ಅದೇ ಪದ. ಒಂದೇ ಸಂಜೆ ಅಕ್ಕ ಒಂದು ಅರ್ಥ ತೋರಿಸಿದ್ದಳು, ಅಪ್ಪ ಇನ್ನೊಂದು. ಹೋಮ್‌ವರ್ಕಿಗೆ ಇಷ್ಟು ಬರೆದುಕೊ, ಅಣ್ಣನಿಗೂ ಹೇಳು.

ನಿಮ್ಮ ಕಾಲ ಬೇರೆ. ಈ ಹನ್ನೊಂದನೇ ಮಹಡಿಯ ಮನೆಯಲ್ಲಿ ಎಣ್ಣೆ ವಾಸನೆ ಇಲ್ಲ, ಹಬ್ಬದ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತೀರಿ. ಕೇಳಿದ್ದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿದರೆ ಉತ್ತರ ಆಯಿತು. ಎದುರುತ್ತರ ಅಂತ ಇಲ್ಲಿ ಯಾರೂ ಗದರುವುದಿಲ್ಲ, ಅದು ನನಗೆ ನಿಜಕ್ಕೂ ಖುಷಿ.

ಆದರೆ ಮೊನ್ನೆ ಟ್ಯಾಬಿನ ಗಾಜು ಒಡೆದಿತ್ತಲ್ಲ. ಎಲ್ಲರೂ ಅಣ್ಣನನ್ನೇ ಕೇಳಿದರು. ಅವನು ನಾನಲ್ಲ ಅಂದ, ನಾನು ನಂಬಿದೆ. ಪುಟ್ಟಿ, ನೀನು ಪರದೆ ಹಿಂದೆ ಚಕ್ಕುಲಿ ಹಿಡಿದು ನಿಂತಿದ್ದೆ. ಬಾಯಲ್ಲಿದ್ದದ್ದು ನುಂಗಲಾಗದೆ ಒದ್ದಾಡುತ್ತಿದ್ದೆ. ನಾನು ಏನೂ ಕೇಳುವುದಿಲ್ಲ ಕಣೇ. ಅಕ್ಕ ದೀಪ ಮುಟ್ಟುವವರೆಗೂ ಸುಮ್ಮನಿದ್ದೆನಲ್ಲ, ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ನಿನಗೆ ಹಾಗಾಗುವುದು ಬೇಡ. ಅಣ್ಣ ಒಳಗೆ ಓದುತ್ತಿದ್ದಾನೆ, ಹೋಗಿ ಹೇಳು. ನಾನು ಇಲ್ಲೇ ಇರುತ್ತೇನೆ.