ಐದನೆಯ ಮುತ್ತೈದೆ

ಗದ್ದೆಮ್ಮನ ಸಿಟ್ಟಿಗೆ ಸಾಲಗುಂದದಲ್ಲಿ ಹೆದರದವರಿಲ್ಲ. ಭತ್ತದ ನಾಟಿಗೆ ಹೆಂಗಸರನ್ನು ಕಟ್ಟಿಕೊಂಡು ಹೋಗುವ ಮೇಸ್ತ್ರಿ ಅವಳು. ಗದ್ದೆ ಯಾರದೇ ಇರಲಿ, ತನ್ನ ಹೆಂಗಸರ ಬಗ್ಗೆ ಒಂದು ಹಗುರ ಮಾತು ಬಂತೆಂದರೆ ಸಸಿಯ ಕಟ್ಟನ್ನು ಕೆಸರಿಗೆ ಒಗೆದು ಗುಂಪನ್ನೇ ಎಬ್ಬಿಸಿಕೊಂಡು ಬರುತ್ತಿದ್ದಳು.

ಅಂಥ ಗುಂಪಿಗೆ ಎಂಬತ್ತೈದನೇ ಇಸವಿಯ ಸುಮಾರಿಗೆ ಶೆಫಾಲಿ ಬಂದು ಸೇರಿದಳು. ಪೂರ್ವ ಬಂಗಾಳದಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದವರಿಗೆ ಸರ್ಕಾರ ಸಿಂಧನೂರಿನ ಹತ್ತಿರ ಕ್ಯಾಂಪು ಹಾಕಿಕೊಟ್ಟಿತ್ತಲ್ಲ, ಅಲ್ಲಿಯವಳು. ಮೊದಲ ದಿನ ನೀರು ಕೇಳಿದಾಗ ಹೆಂಗಸರು ತಂಬಿಗೆಯನ್ನು ಮೇಲೆತ್ತಿ ಅವಳ ಬೊಗಸೆಗೆ ಸುರಿದರು. ಮೀನು ತಿನ್ನುವವಳು, ಮುಖ ನೋಡಿದರೇ ನಮ್ಮ ಸೀಮೆಯವಳಲ್ಲ ಎಂದು ಕಿಸಕ್ಕೆಂದರು. ತಾವು ಕೋಳಿ, ಕುರಿ ತಿನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ. ಗದ್ದೆಮ್ಮ ತಂಬಿಗೆ ಕಸಿದುಕೊಂಡು ಶೆಫಾಲಿಯ ಕೈಗೇ ಕೊಟ್ಟಳು.

“ಇರೋದು ಇದೊಂದ ತಂಬಿಗಿ. ಒಲ್ಲದವರು ಕಾಲುವಿಗೆ ಹೋಗಿ ಕುಡೀರಿ.”

ಯಾರೂ ಕಾಲುವೆಗೆ ಹೋಗಲಿಲ್ಲ. ಮರುವರ್ಷ ಗದ್ದೆಮ್ಮ ಬದುವಿನ ಮೇಲೆ ಜಾರಿ ಕಾಲು ಮುರಿದುಕೊಂಡಾಗ, ತನ್ನ ಸಾಲಿನ ಜೊತೆ ಅವಳ ಸಾಲನ್ನೂ ನೆಟ್ಟವಳು ಶೆಫಾಲಿ. ಸಂಜೆ ಮನೆಗೆ ಬಂದು ರೊಟ್ಟಿ ಬಡಿಯಲು ಕಲಿತು ಒಲೆ ನೋಡಿಕೊಂಡಳು. ಗದ್ದೆಮ್ಮನ ಮಗಳು ಶೇಖಮ್ಮ ಅವಳನ್ನು ಚಿಗವ್ವ ಎಂದು ಕರೆಯತೊಡಗಿದ್ದು ಆಗಲೇ.

ಮುಂದೆ ಲಿಂಗಸುಗೂರಿಗೆ ಮದುವೆ ಮಾಡಿ ಕೊಟ್ಟ ಶೇಖಮ್ಮ ಚೊಚ್ಚಲ ಬಸುರಿಯಾದಳು. ತವರಿನಲ್ಲಿ ಸೀಮಂತದ ಕುಬಸ ಮಾಡಿಸಿ ಬಾಣಂತನಕ್ಕೆ ಅಲ್ಲೇ ಉಳಿಸಿಕೊಳ್ಳುವುದೆಂದು ಮಾತಾಗಿತ್ತು. ಬೀಗತಿ ಅಮರಮ್ಮ ಬಸ್ಸಿನಲ್ಲಿ ಬಂದಿಳಿದಳು. ಶೇಖಮ್ಮನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ಐದು ಮಂದಿ ಮುತ್ತೈದೆಯರನ್ನು ಕರೆದರು. ಐದನೆಯವಳಾಗಿ ಶೆಫಾಲಿ ಎದ್ದಳು. ತಮ್ಮಲ್ಲಿ ಶುಭಕ್ಕೆಂದು ಉಡುವ ಕೆಂಪಂಚಿನ ಬಿಳಿ ಸೀರೆ ಉಟ್ಟು, ಬೈತಲೆಯ ಸಿಂಧೂರ ಮುಚ್ಚುವಂತೆ ತಲೆ ತುಂಬ ಸೆರಗು ಹೊದ್ದಿದ್ದಳು. ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಹಸಿರು ಬಳೆಯ ಬದಲು ಬಿಳಿ ಶಂಖದ ಬಳೆ.

“ಬಿಳಿ ಸೀರಿ ಉಟ್ಟಾಕಿ ನನ್ನ ಸೊಸಿ ಉಡಿಗೆ ಕೈ ಹಚ್ಚಬೇಕೇನು?” ಅಮರಮ್ಮ ಅಡ್ಡ ನಿಂತಳು. “ಗಂಡ ಸತ್ತಾಕಿ ಇಲ್ಲಿಗ್ಯಾಕ ಬಂದಾಳ?”

ಶೆಫಾಲಿಯ ಗಂಡ ನೃಪೇನ ಹೊರಗೆ ಚಪ್ಪರದಲ್ಲಿ ಗಂಡಸರಿಗೆ ನೀರು ಕೊಡುತ್ತಿದ್ದ. ಅದನ್ನು ಕಂಡೇ ಒಳಗೆ ಬಂದಿದ್ದರು ನಾಟಿಯ ಹೆಂಗಸರೆಲ್ಲ. ಒಬ್ಬಳಾದರೂ ಬಾಯಿ ಬಿಡಬೇಕಲ್ಲ! ನೆಲ ನೋಡುತ್ತ ಕೂತರು. ಬೀಗತಿಯ ಮಾತಿಗಿಂತ ಆ ಸುಮ್ಮನಿರುವಿಕೆಗೆ ಗದ್ದೆಮ್ಮನ ಮೈ ಉರಿದುಹೋಯಿತು.

ಅವಳು ಹೊರಗೆ ಹೋಗಿ ನೃಪೇನನ ರಟ್ಟೆ ಹಿಡಿದು ಒಳಗೆ ತಂದು ನಿಲ್ಲಿಸಿದಳು. ಪಾಪ, ಅವನ ಕೈಯಲ್ಲಿ ನೀರಿನ ಕೊಡ ಹಾಗೇ ಇತ್ತು.

“ನೋಡ್ರಿ ಬೀಗರ, ಈತನೇ ಈಕಿ ಗಂಡ. ಗಟ್ಟಿಮುಟ್ಟಾಗಿ ಅದಾನ. ಬಂಗಾಲಿ ಮುತ್ತೈದೇರು ಹಿಂಗ ಉಡ್ತಾರ.”

ಅಮರಮ್ಮನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆದರೂ ಬಿಡಲಿಲ್ಲ.

“ಇದ್ದರ ಇರಲಿ. ಎಲ್ಲಿ ಮಂದಿನೋ, ಯಾವ ಕುಲಾನೋ. ಈಕಿ ಉಡಿ ತುಂಬಿದರ ನನ್ನ ಸೊಸೀನ್ನ ಈಗಿಂದೀಗ ಲಿಂಗಸುಗೂರಿಗೆ ಕರಕೊಂಡು ಹೋಗ್ತೀನಿ.”

“ಹಂಗಾದ್ರ ಸೀರಿ ಬರೇ ನೆವ ಆತು,” ಎಂದಳು ಗದ್ದೆಮ್ಮ. ಆದರೆ ಮಗಳ ಬಾಣಂತನ ಕೈತಪ್ಪಿ ಹೋಗುವುದು ಕಣ್ಣೆದುರಿಗಿತ್ತು.

ಶೆಫಾಲಿ ಅಕ್ಕಿಯ ತಟ್ಟೆ ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು.

“ಚಿಗವ್ವ, ನಿಂದ್ರು,” ಎಂದಳು ಶೇಖಮ್ಮ. ಅತ್ತೆಯ ಎದುರು ಎಂದೂ ದನಿ ಎತ್ತದ ಹುಡುಗಿ, ಮಣೆಯ ಮೇಲೆ ಕೂತಲ್ಲೇ ಶೆಫಾಲಿಯ ಕಡೆ ತಿರುಗಿ ಸೆರಗು ಹಾಸಿದಳು. “ನೀ ತುಂಬದ ನಾ ಏಳಂಗಿಲ್ಲ. ಅತ್ತೀ, ನಾ ಇಲ್ಲೇ ಹಡೀತೀನಿ.”

ಶೆಫಾಲಿ ಉಡಿ ತುಂಬಿದಳು. ಅಮರಮ್ಮ ಉಣ್ಣದೆ ಒಬ್ಬಳೇ ಬಸ್ಸು ಹತ್ತಿದಳು. ಬೀಗತಿ ಉಪವಾಸ ಹೋದಳಲ್ಲ ಎಂದು ಹೆಂಗಸರು ಗುಸುಗುಸು ಶುರುಮಾಡಿ, ಊಟಕ್ಕೆ ಸಾಲು ಹಿಡಿದು ಕೂತರು.

ಗದ್ದೆಮ್ಮ ಒಂದೇ ಒಂದು ಎಲೆ ಹಾಕಿ, ಶೆಫಾಲಿಯನ್ನು ಕೂರಿಸಿ ಹೋಳಿಗೆ ಬಡಿಸಿದಳು.

“ಉಳಿದವರಿಗೆ ಈಕಿ ಉಂಡ ಮ್ಯಾಲ. ಬಾಯಿ ಇಲ್ಲದವರಿಗೆ ಉಣ್ಣಾಕ ಏನ ಅವಸರ?”

ಯಾರೂ ಎದ್ದು ಹೋಗಲಿಲ್ಲ. ಅಷ್ಟು ಜನರ ಕಣ್ಣ ಮುಂದೆ ನಾಚಿ ಶೆಫಾಲಿ ಗಬಗಬ ನುಂಗತೊಡಗಿದಳು. ಗದ್ದೆಮ್ಮ ಪಕ್ಕದಲ್ಲಿ ಕೂತು ಹೋಳಿಗೆಯ ಮೇಲೆ ಇನ್ನೊಂದು ಮಿಳ್ಳಿ ತುಪ್ಪ ಹಾಕಿದಳು.

“ಸಾವಕಾಶ ಉಣ್ಣವ್ವ,” ಎಂದಳು. “ಕಾಯಲಿ.”