ಸೀಡಿಯೊಳಗಿನ ತಾತ

ಇವತ್ತು ಹಳೇ ಬನಿಯನ್ ಬಟ್ಟೆಯಲ್ಲಿ ಕನ್ನಡಕ ಒರೆಸುವಾಗ ಗುಂಡ್ಲುಪೇಟೆಯ ನಮ್ಮ ಮನೆ, ಚಿಕ್ಕಪ್ಪನ ಕಂಪ್ಯೂಟರ್ ನೆನಪಾದವು.

ಅತ್ತೆಯ ಮದುವೆಯ ಸೀಡಿ ಅರ್ಧಕ್ಕೇ ನಿಂತಿತ್ತು. ತೀರಿಕೊಂಡಿದ್ದ ತಾತ ಓಡಾಡುವುದನ್ನು ನೋಡಲು ನಮಗಿದ್ದದ್ದು ಅದೊಂದೇ.

"ಓದಕ್ಕಾಯ್ತಿಲ್ಲ ಅಂತದೆ ಕಣವ್ವ," ಎಂದ ಚಿಕ್ಕಪ್ಪ.

"ಅದೂ ನನ್ನಂಗೆ ಇಸ್ಕೂಲ್‌ಗೆ ಓಗಿಲ್ವೇನ್ಲಾ?" ಎಂದಳು ಅಜ್ಜಿ.

ಬೇರೆ ಸೀಡಿ ಹಾಕಿದಾಗ ಚೆನ್ನಾಗಿ ಓಡಿತು. ಹಾಗಾದರೆ ಕೊಳೆ ಇದರಲ್ಲೇ ಇದೆ ಎಂದು ಚಿಕ್ಕಪ್ಪ ಒದ್ದೆ ಬನಿಯನ್ ತುಂಡಿನಿಂದ ನಡುವಿನಿಂದ ಅಂಚಿನವರೆಗೆ ನೇರವಾಗಿ ಒರೆಸಿ, ಒಣಗಿಸಿ ಮತ್ತೆ ಹಾಕಿದ. ಡ್ರೈವ್ ಗುರ್ರೆಂದಿತು. ಎಲೆ ಅಡಿಕೆ ಹಂಚುತ್ತಿದ್ದ ತಾತ ಪರದೆಯಿಂದ ನಮ್ಮತ್ತ ತಿರುಗಿ ನೋಡಿದರು.

ಅಜ್ಜಿ ಥಟ್ಟನೆ ತಲೆಗೆ ಸೆರಗು ಹೊದ್ದು ಎದ್ದು ನಿಂತಳು. ನಮಗ್ಯಾರಿಗೂ ನಗು ಬರಲಿಲ್ಲ.

ಆಗ ಅವಳಿಗೆ ಏನನ್ನಿಸಿತೋ, ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.