ಕಳ್ಳ ಧರ್ಮರಾಜ ಹೋದ ದಿನ

ಸೋಲಾಪುರದ ಚಾಟಿ ಗಲ್ಲಿಯ ಹಿಂದೆ, ಚಾದರದ ವ್ಯಾಪಾರಿ ಚನ್ನವೀರಪ್ಪನವರ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಜೋರಾಗಿ ಸೀನುವಂತಿರಲಿಲ್ಲ. ಹಿರಿಯ ಸೊಸೆ ರೂಪಾಲಿ ಮಾಳಿಗೆಯ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಜಪಕ್ಕೆ ಕೂತಿರುತ್ತಿದ್ದಳು. ತವರು ಅಕ್ಕಲಕೋಟೆ, ಸ್ವಾಮಿಗಳ ಊರಿನ ಹುಡುಗಿ, ಜಪ ಮಾಡದೆ ಇನ್ನೇನು ಮಾಡುತ್ತಾಳೆ ಎಂದು ಅತ್ತೆ ಶಾರದಾಬಾಯಿ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ದಿನವಲ್ಲ ಎರಡು ದಿನವಲ್ಲ, ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಬೀಗರಿಗೆ ಹೇಳಿದ್ದರು, ಬಳೆಗಾರ್ತಿಗೆ ಹೇಳಿದ್ದರು, ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟು ಅವನಿಗೂ ಹೇಳಿದ್ದರು.

ಮೇಲೆ ಏನು ನಡೆಯುತ್ತಿತ್ತು ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ, ಮುಚ್ಚಿಟ್ಟು ಸಿಗುವುದೇನಿದೆ. ರೂಪಾಲಿ ಟಿವಿಯ ಮುಂದೆ ಕಾಲು ಚಾಚಿ ಕೂತು, ಬೋಳು ತಲೆಯ, ಡೊಳ್ಳು ಹೊಟ್ಟೆಯ ಒಬ್ಬ ಬಾಡಿಗೆ ಸಿಪಾಯಿಯ ವೇಷದಲ್ಲಿ ಊರೂರು ತಿರುಗಿ ಜನರ ಕಿಸೆಗೆ ಕೈ ಹಾಕುತ್ತಿದ್ದಳು. ಆ ಸಿಪಾಯಿಗೆ ಧರ್ಮರಾಜ ಎಂದು ಹೆಸರಿಟ್ಟವಳೂ ಅವಳೇ.

ಕಿರಾಣಿ ಅಂಗಡಿಯವರ ಮಗಳು. ಸಾಲೆಯಲ್ಲಿ ಅವಳು ಮಾತಿಗೆ ನಿಂತರೆ ಮಾಸ್ತರರೇ ಹಾಜರಿ ಪುಸ್ತಕ ಹಿಡಿದು ಹೊರಟುಬಿಡುತ್ತಿದ್ದರಂತೆ. ಅಂಥವಳು ಬಿ.ಕಾಂ. ಮುಗಿಸಿ ಇಪ್ಪತ್ತೆರಡಕ್ಕೆ ಸೋಲಾಪುರಕ್ಕೆ ಸೊಸೆಯಾಗಿ ಬಂದಳು. ಈಗ ಮೂವತ್ತೇಳು. ಈ ಹದಿನೈದು ವರ್ಷದಲ್ಲಿ ಅವಳು ಕೆಳಗಿನ ಮನೆಯಲ್ಲಿ ಆಡಿದ ಮಾತಿನ ಮುಕ್ಕಾಲು ಪಾಲು "ಹೂಂರಿ" ಮತ್ತು "ತರ್ತೀನ್ರಿ" ಇಷ್ಟೇ. ಕೆಟ್ಟ ಮನೆ ಎನ್ನುವ ಹಾಗಿಲ್ಲ. ಗಂಡ ಯೋಗಿರಾಜ ದನಿ ಎತ್ತುವ ಪೈಕಿಯೇ ಅಲ್ಲ. ಆದರೆ ಏಳು ಜನರ ಮನೆಯಲ್ಲಿ ಯಾವಾಗಲೂ ಯಾರಿಗಾದರೂ ಏನಾದರೂ ಬೇಕಾಗಿರುತ್ತದೆ, ಅದು ಎಲ್ಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿರುತ್ತದೆ. ಚಾ, ಟಾವೆಲ್, ಬಿಪಿ ಗುಳಿಗೆ, ನೀರಿನ ಮೋಟರಿನ ಸ್ವಿಚ್ಚು.

ಗೇಮಿನ ಮಶೀನು ತಂದವನು ಮೈದುನ ಶೈಲೇಶ, ಲಾಕ್‌ಡೌನ್ ಕಾಲದಲ್ಲಿ. ಅಂಗಡಿ ತೆರೆದ ಮೇಲೆ ಅವನಿಗೆ ರವಿವಾರ ಬಿಟ್ಟರೆ ಪುರಸೊತ್ತಿಲ್ಲ. ಧೂಳು ಒರೆಸಲು ಹೋದ ರೂಪಾಲಿ ಒಂದು ದಿನ ಅದರ ರಿಮೋಟ್ ಕೈಗೆತ್ತಿಕೊಂಡಳು. ಇದೇನು ಅದೇನು ಎಂದು ಶೈಲೇಶನನ್ನು ಕೇಳಿ ಕೇಳಿ ಕಲಿತಳು. ಒಮ್ಮೆ ಆಟ ರಂಗೇರಿದಾಗ ಕೆಳಗಿಂದ ಮೂರನೇ ಸಲ ಕೂಗು ಬಂತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಜಪಾ ಮಾಡಾಕತ್ತೀನ್ರಿ, ಅತ್ತಿ." ಇಡೀ ಮನೆ ಗಪ್ಪಾಯಿತು. ಮದುವೆಯಾದಾಗಿನಿಂದ ಮೊದಲ ಸಲ, ಎರಡು ತಾಸು ಅವಳನ್ನು ಯಾರೂ ಕರೆಯಲಿಲ್ಲ. ಇಂಥ ಸುಳ್ಳನ್ನು ಒಂದೇ ಸಲ ಹೇಳಿ ಬಿಟ್ಟುಬಿಡುವವರು ಯಾರಾದರೂ ಇದ್ದರೆ ಅವರಿಗೆ ದೊಡ್ಡ ನಮಸ್ಕಾರ.

ಅತ್ತಿಗೆ ಮೈದುನರಿಗೆ ಜಗಳ ಹತ್ತುತ್ತಿದ್ದದ್ದು ಊಟದ ಹೊತ್ತಿಗೆ. ಯಾವ ಆಟ ಮೇಲು ಎಂಬುದೇ ಜಗಳ. ಶೈಲೇಶನದು ಹೊಡೆದಾಟದ ಆಟ.

"ನಿಮ್ಮ ಆಟದಾಗ ಏನದ ವೈನಿ, ಬರೇ ಮಾತ. ನನ್ನದ ನೋಡ್ರಿ. ರಾಕ್ಷಸಗ ಹೊಡೀ, ಅವ ಸಾಯತಾನ, ಲೆವೆಲ್ ಏರತದ. ಸಾಫ್ ಕೆಲಸ."

"ನಿನ್ನ ಲೆವೆಲ್ ಏರಿದಂಗ ರಾಕ್ಷಸಂದೂ ಏರತದಲ್ಲೋ. ಎರಡು ವರ್ಷಾತು, ನೀ ಇದ್ದಲ್ಲೇ ನಿಂತು ಬಡದಾಡಾಕತ್ತಿ," ಎಂದು ರೂಪಾಲಿ ಅವನ ತಾಟಿಗೆ ರೊಟ್ಟಿ ಹಾಕುತ್ತಿದ್ದಳು.

ಅವನೇ ಒಮ್ಮೆ ಜಪಾನಿನ ಒಂದು ಆಟ ಹಾಕಿಕೊಟ್ಟಿದ್ದ. ಕಥೆ ಚೆನ್ನ, ಹಾಡು ಚೆನ್ನ, ಚೂಪು ಕೂದಲಿನ ಹುಡುಗನೊಬ್ಬ ಮಾತೆತ್ತಿದರೆ ಅಳುತ್ತಾನೆ. ವೈರಿ ಒಂದು ಏಟು ಹಾಕಿದ ಮೇಲೆ ನಮ್ಮ ಪಾಳಿ, ಆಮೇಲೆ ಅವನ ಪಾಳಿ. ಕಥೆ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಬೇಕು. ರೂಪಾಲಿ ನಾಲ್ಕು ದಿನಕ್ಕೆ ಅದನ್ನು ಕೈಬಿಟ್ಟಳು. "ಅವರು ಹೇಳಿದಲ್ಲಿ ಹೋಗು, ಪಾಳಿ ಬರೋತನಾ ಸುಮ್ನ ನಿಂದ್ರು. ಇದನ್ನ ಮಾಡಾಕ ಮಾಳಿಗಿ ಯಾಕ ಹತ್ತಬೇಕು? ಕೆಳಗ ದಿನಾ ಅದನ್ನ ಮಾಡಾಕತ್ತೀನಲ್ಲ," ಎಂದಳು. ಶೈಲೇಶನಿಗೆ ನೀರು ನೆತ್ತಿಗೇರಿತು.

ಅವಳ ಆಟದ ಗಮ್ಮತ್ತೇ ಬೇರೆ. ಅಲ್ಲಿನ ಜನಕ್ಕೆ ನೆನಪಿತ್ತು. ಧರ್ಮರಾಜ ಮೊದಲ ಊರಿನ ಸರಾಯಿ ಅಂಗಡಿಯ ಹೆಂಗಸಿಗೆ ಒಂದು ಸುಳ್ಳು ಹೇಳಿ ಬಂದಿದ್ದ. ಎರಡು ತಿಂಗಳ ಮೇಲೆ ಇನ್ನೆಲ್ಲೋ ಒಂದು ಊರಿನಲ್ಲಿ ಅವಳ ತಮ್ಮ ಸಿಕ್ಕವನು, ನಮ್ಮಕ್ಕನಿಗೆ ಹಾಗೆ ಅಂದವನು ನೀನೇ ಅಲ್ಲವೇ ಎಂದು ಕುಡಿಯುವ ನೀರು ಕೊಡಲಿಲ್ಲ. ರೂಪಾಲಿ ಆ ದಿನವೆಲ್ಲ ಖುಷಿಯಲ್ಲಿದ್ದಳು. ತಾನು ಆಡಿದ ಮಾತನ್ನು ಯಾರೋ ಎರಡು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಲ್ಲ, ಅದಕ್ಕೆ.

ಈ ಮಾತುಕತೆಯೆಲ್ಲ ಶಾರದಾಬಾಯಿಯವರ ಕಿವಿಗೂ ಬೀಳುತ್ತಿತ್ತು. ಧರ್ಮರಾಜ ಯಾರು ಎಂದು ಒಂದು ದಿನ ಕೇಳಿದರು. ಬಾಯಲ್ಲಿ ತುತ್ತಿದ್ದ ಶೈಲೇಶ, "ವೈನಿ ತವರಿನ ಕಡಿಯಾಂವ, ಅವ್ವಾ," ಎಂದ. ಸರಿ, ಅಂದಿನಿಂದ ಧರ್ಮರಾಜ ನೆಂಟನಾದ. ಎಲ್ಲಿದ್ದಾನೆ, ಏನು ಮಾಡುತ್ತಾನೆ, ಇನ್ನೂ ಊರೂರು ತಿರುಗುತ್ತಾನೆಯೇ ಎಂದು ಅವರು ವಾರಕ್ಕೊಮ್ಮೆ ವಿಚಾರಿಸುವರು. ಹೋಟಗಿಯಲ್ಲಿ ಒಂದು ಹುಡುಗಿ ನೋಡಿಟ್ಟಿದ್ದೇನೆ, ಅವನ ಜಾತಕ ತರಿಸು ಎಂದೂ ಒಮ್ಮೆ ಹೇಳಿದರು. ರೂಪಾಲಿ ಕೆಮ್ಮು ಬಂದವಳಂತೆ ಒಳಗೆ ಹೋಗಿ, ಹಿಟ್ಟಿನ ಡಬ್ಬಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೀಗೆ ಒಂದೂವರೆ ವರ್ಷ ಬದುಕಿದ್ದ ಧರ್ಮರಾಜ. ಮೊನ್ನೆ ಅಣ್ಣನ ಮಗಳ ನಾಮಕರಣಕ್ಕೆ ರೂಪಾಲಿ ಎರಡು ದಿನ ಅಕ್ಕಲಕೋಟೆಗೆ ಹೋದಳು. ಆ ರವಿವಾರ ಶೈಲೇಶನಿಗೆ, ವೈನಿ ಅಷ್ಟು ಹೊಗಳುವ ಆಟದಲ್ಲಿ ಏನಿದೆ ನೋಡಿಯೇ ಬಿಡೋಣ ಎನಿಸಿತು. ಆ ಆಟದಲ್ಲಿ ಒಬ್ಬರ ಕಥೆಗೆ ಮಾತ್ರ ಜಾಗ. ಹೊಸದು ಶುರು ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ, ಆಗಬಹುದೇ ಎಂದು ಟಿವಿ ಕೇಳಿತ್ತು. ಶೈಲೇಶ ಓದಬೇಕಲ್ಲ. ಹೂಂ ಎಂದು ಒತ್ತಿದ. ಅರ್ಧ ತಾಸು ಆಡಿ, ಬೇಜಾರಾಗಿ, ಎದ್ದು ಹೋದ.

ಸೋಮವಾರ ಎರಡು ಗಂಟೆಗೆ ರೂಪಾಲಿ ಚಿಲಕ ಹಾಕಿ ಕೂತರೆ, ಟಿವಿಯಲ್ಲಿ ಕೋಲು ಹಿಡಿದ ಒಬ್ಬ ಸಣಕಲ ಹುಡುಗ ನದಿಯ ದಂಡೆಯಲ್ಲಿ ನಿಂತಿದ್ದ. ತಲೆಯ ಮೇಲೆ ಹೆಸರು, ಶೈಲೇಶ. ಅವಳು ಹಳೆಯ ಆಟಕ್ಕಾಗಿ ಎಲ್ಲ ಕಡೆ ಹುಡುಕಿದಳು, ಮಶೀನು ಬಂದ್ ಮಾಡಿ ಮತ್ತೆ ಚಾಲು ಮಾಡಿದಳು. ಧರ್ಮರಾಜ ಇರಲಿಲ್ಲ. ಕೂತಲ್ಲೇ ಅತ್ತಳು, ಒಂದು ಗೇಮಿಗೆ ಇಷ್ಟು ಅಳುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಇನ್ನಷ್ಟು ಅತ್ತಳು.

ಮೂರಕ್ಕೇ ಕೆಳಗಿಳಿದ ಸೊಸೆಯ ಕೆಂಪು ಕಣ್ಣು ನೋಡಿ ಶಾರದಾಬಾಯಿ ಏನಾಯಿತೆಂದು ಕೇಳಿದರು. ಎದೆಯಲ್ಲಿದ್ದದ್ದು ಬಾಯಿಗೆ ಬಂತು: "ಧರ್ಮರಾಜ ಹ್ವಾದ್ರಿ, ಅತ್ತಿ."

ಶಾರದಾಬಾಯಿ ಹಣೆ ಬಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು. ರೂಪಾಲಿ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಗೆ ಫೋನು ಹೋಗಿತ್ತು. ಗಾಡಿ ತೊಗೊಂಡು ಬಾ ಶೈಲ್ಯಾ, ಅಕ್ಕಲಕೋಟಿಗೆ ಮಾತಾಡಿಸಿಕೊಂಡು ಬರಬೇಕು. ಸಾವಿನ ಮನೆಗೆ ಹೋಗಿ ಮಾತಾಡಿಸುವುದರಲ್ಲಿ ಶಾರದಾಬಾಯಿ ಆ ಗಲ್ಲಿಗೇ ಮುಂದು. ಮಳೆಯಿರಲಿ ಬಿಸಿಲಿರಲಿ, ಅವರು ತಡ ಮಾಡಿದ್ದನ್ನು ಯಾರೂ ನೋಡಿಲ್ಲ.

ಶೈಲೇಶ ಬಂದವನು ಸಂಗತಿ ತಿಳಿದು ಬೆವತುಹೋದ. ಅಂಗಳದಲ್ಲಿ ಅತ್ತಿಗೆಯ ಹತ್ತಿರ ಬಂದು, "ತಪ್ಪಾತ್ರಿ ವೈನಿ. ಹದಿನೈದು ದಿನ ಕುಂತು ಅದೇ ಲೆವೆಲ್ಲಿಗೆ ತಂದು ಕೊಡತೀನಿ," ಎಂದ.

"ಲೆವೆಲ್ ತರತಿ. ಆ ಸರಾಯಿ ಅಂಗಡಿ ಹೆಣ್ಣಮಗಳಿಗೆ ನಾ ಅಂದ ಮಾತು ಎಲ್ಲಿಂದ ತರತಿ?"

"ಹಂಗಾರ ಅವ್ವಗ ಖರೆ ಹೇಳಿಬಿಡ್ರಿ."

"ಹೇಳಿದ್ರ ನಾಳಿಂದ ಎರಡಕ್ಕ ನಾ ಎಲ್ಲಿರಬೇಕೋ?"

ಹೇಳದಿದ್ದರೆ ಇನ್ನೊಂದು ತಾಸಿನಲ್ಲಿ ಅತ್ತೆ ತವರಿನ ಬಾಗಿಲಲ್ಲಿ ನಿಂತು ಅಳುತ್ತಾರೆ. ಹೇಳಿದರೆ ಚಿಲಕ ಹೋಯಿತು. ರೂಪಾಲಿ ಎರಡನ್ನೂ ನುಂಗಲಾರದೆ ಗಾಡಿ ಹತ್ತಿದಳು.

ಕುಂಭಾರಿ ದಾಟಿದ ಮೇಲೆ ಶಾರದಾಬಾಯಿ ಹೋದವನ ವಿಚಾರ ತೆಗೆದರು.

"ವಯಸ್ಸೆಷ್ಟಿತ್ತವ್ವಾ?"

"ನಾಲ್ವತ್ತರ ಮ್ಯಾಲ್ರಿ."

"ಕುಡೀತಿದ್ನೇನು?"

"ಕುಡೀತಿದ್ದ."

"ಕೆಲಸಾ ಏನು ಮಾಡತಿದ್ದ?"

ಒಂದು ಅಂಗಡಿ, ಒಂದು ನೌಕರಿ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸತ್ತವನ ಬಗ್ಗೆ ಸುಳ್ಳು ಹೇಳಲು ರೂಪಾಲಿಗೆ ನಾಲಗೆ ಹೊರಳಲಿಲ್ಲ. "ಕಳವು ಮಾಡತಿದ್ರಿ," ಎಂದಳು. ಶೈಲೇಶ ಸುಮ್ಮಸುಮ್ಮನೆ ಬ್ರೇಕ್ ಒತ್ತಿದ.

ಶಾರದಾಬಾಯಿ ಮಗನ ಭುಜ ತಟ್ಟಿ ಗಾಡಿ ಮುಂದೆ ಬಿಡಿಸಿದರು. "ಇರಲಿ. ಒಳ್ಳೇದೂ ಏನರೆ ಮಾಡಿರಬೇಕಲ್ಲ."

"ಮಾಡ್ಯಾನ್ರಿ. ಒಂದೂರಾಗ ಪ್ಲೇಗಿನಂಥಾ ಬ್ಯಾನಿ ಬಂದು, ಯಾರೂ ಹೊರಗ ಹೋಗಬಾರದಂತ ಊರ ಅಗಸಿ ಬಾಗಲಾ ಹಾಕಿಬಿಟ್ಟಿದ್ರು. ಕಾವಲಿನವರ ಮುಂದ ಸುಳ್ಳು ಹೇಳಿ ಒಬ್ಬ ತಾಯೀನ, ಆಕಿ ಮೂರು ಮಕ್ಕಳನ್ನ ಹೊರಗ ತಂದ. ಯಾರಿಗೂ ಅಂಜತಿರಲಿಲ್ರಿ ಅವ. ಮನಸಿನಾಗ ಬಂದದ್ದು ಆಡತಿದ್ದ. ಎಲ್ಲಿ ಹೋಗಬೇಕನಸತದ ಅಲ್ಲಿ ಎದ್ದು ಹೋಗತಿದ್ದ..." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು.

ಶಾರದಾಬಾಯಿಯವರೂ ಸೆರಗು ಕಣ್ಣಿಗೆ ಒತ್ತಿಕೊಂಡರು. "ಅಂಥಾ ಮನಷ್ಯಾನ ನಾ ಒಮ್ಮೆನೂ ನೋಡಲಿಲ್ಲಲ್ಲವ್ವಾ," ಎಂದು ಬಿಕ್ಕಿದರು.

ನಾಲ್ಕು ವರ್ಷ ಜಪದ ಸುಳ್ಳು ಹೇಳುವಾಗ ರೂಪಾಲಿಗೆ ಒಂದು ದಿನವೂ ಅಳುಕು ಆಗಿರಲಿಲ್ಲ. ಆದರೆ ಈ ಕಣ್ಣೀರು ಖರೆ ಕಣ್ಣೀರು. ಅದನ್ನು ನೋಡಿಕೊಂಡು ಕೂರಲು ಅವಳಿಂದ ಆಗಲಿಲ್ಲ. ವಳಸಂಗದ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಹೇಳಿದಳು ಎಂದರೆ ಎಲ್ಲವನ್ನೂ: ಟಿವಿ, ರಿಮೋಟ್, ಬೋಳು ತಲೆಯ ಧರ್ಮರಾಜ, ಅವನನ್ನು ಅಳಿಸಿದ ಶೈಲೇಶ, ಮಾಡದೇ ಇದ್ದ ಜಪ.

ಶಾರದಾಬಾಯಿ ಮಗನನ್ನು ಚಹಾ ತರಲು ಕಳಿಸಿದರು. ಮುಖ ನೋಡಿದರೆ ಬೈಗುಳ ತುಟಿಯಲ್ಲೇ ನಿಂತಂತಿತ್ತು. ಆದರೆ ಮೊದಲು ಕೇಳಿದ್ದು ಬೇರೆ. "ನೀ ಮನಿಯಾಗ ಕುಂತಿರತಿ. ಆದರ ಅಲ್ಲಿ ಅವ ನೀನ. ಹಂಗೇನು?"

"ಹೂಂರಿ."

"ಅಂದ್ರ ಸೋಂಗು, ವೇಷಾ ಹಾಕೋದು. ನಮ್ಮ ತವರೂರು ಹುಲಜಂತಿಯಾಗ ನಾಗಪ್ಪ ಅಂತಿದ್ದ. ವರ್ಷಾನಗಟ್ಟಲೆ ಗೌಡರ ಎಮ್ಮಿ ಕಾಯಾಂವ. ಜಾತ್ರ್ಯಾಗ ರಾಜನ ಸೋಂಗು ಹಾಕಿದ್ನಂದ್ರ ಗೌಡರಿಗೂ ಬೈತಿದ್ದ, ಗೌಡರು ನಗತಿದ್ರು. ಮರುದಿನ ಮತ್ತ ಅದೇ ಎಮ್ಮಿ. ಆದರ ಅವನ ನಡಿಗಿನ ಬ್ಯಾರೆ ಇರತಿತ್ತು." ಕಿಟಕಿಯ ಹೊರಗೆ ನೋಡಿದರು. "ಹೆಣ್ಣಮಕ್ಕಳಿಗೆ ಸೋಂಗು ಇರಲಿಲ್ಲ. ನೋಡಾಕಷ್ಟ ಹೋಗಬೇಕು."

ರೂಪಾಲಿಗೆ ಜೀವ ಬಂದಂತಾಯಿತು. ತಡೆಯಿರಿ, ಬೈಗುಳ ಇನ್ನೂ ಬಾಕಿ ಇತ್ತು.

"ನಾಕು ವರ್ಷಾತು, ನಾ ಮೂರರ ಚಾ ಬಿಟ್ಟು. ಗೊತ್ತದ ಏನು ನಿನಗ? ಭಾಂಡೆ ಸಪ್ಪಳಾದ್ರ ನಿನ್ನ ಜಪಾ ಕೆಡತದಂತ. ಈ ಮೊಳಕಾಲ ಹಿಡಕೊಂಡು ಮೆಟ್ಟಲ ಮ್ಯಾಲ ಕಾವಲಾ ಕುಂತೀನಿ. ಯಾರಿಗೆ? ಕಳ್ಳಗ."

"ತಪ್ಪಾತ್ರಿ, ಅತ್ತಿ."

"ತಪ್ಪಂತೂ ಆಗ್ಯದ." ದನಿ ಇಳಿಯಿತು. "ಈ ಮನಿಗೆ ಬಂದು ನಾಲ್ವತ್ತಾರು ವರ್ಷಾತು ನನಗ. ಒಂದ ದಿನ ಒಳಗ ಕದಾ ಹಾಕ್ಕೊಂಡು ಕುಂತಿಲ್ಲ. ಕೇಳಿದ್ರ ಬ್ಯಾಡ ಅಂತಿದ್ರೋ ಏನೋ, ಕೇಳಲೇ ಇಲ್ಲ. ಇಂಥಾ ಒಂದು ಸುಳ್ಳು ಹೇಳಬಹುದಂತ ನನಗ ಹೊಳೀಲೇ ಇಲ್ಲ ನೋಡು."

ರೂಪಾಲಿ ಏನಾದರೂ ಹೇಳಬೇಕೆಂದು ನೋಡಿದಳು. ಧರ್ಮರಾಜನಾಗಿದ್ದರೆ ಇಷ್ಟೊತ್ತಿಗೆ ನಾಲ್ಕು ಉತ್ತರ ಟಿವಿಯ ಮೇಲೆ ಬಂದಿರುತ್ತಿದ್ದವು, ಒಂದನ್ನು ಆರಿಸಿಕೊಂಡರೆ ಮುಗಿಯಿತು. ಇಲ್ಲಿ ಒಂದೂ ಬರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

ಶೈಲೇಶ ಚಹಾ ತಂದ. ಶಾರದಾಬಾಯಿ ನಿಧಾನವಾಗಿ ಕುಡಿದು ಮುಗಿಸಿ, ಗ್ಲಾಸು ಅವನ ಕೈಗೆ ಕೊಟ್ಟು, ಗಾಡಿ ಸೋಲಾಪುರಕ್ಕೆ ತಿರುಗಿಸಲು ಹೇಳಿದರು. ಗಾಡಿ ತಿರುಗಿದ ಮೇಲೆ ತೀರ್ಪು ಬಂತು.

"ನಾಳಿಂದ ಎರಡರಿಂದ ಮೂರು ನಿಂದು. ಮೂರರಿಂದ ನಾಕು ನಂದು. ಒಬ್ಬಾಕಿ ಒಳಗಿದ್ದಾಗ ಇನ್ನೊಬ್ಬಾಕಿ ಕೆಳಗ ನೋಡಬೇಕು."

ಅರ್ಧ ಹೋಯಿತು. ಧರ್ಮರಾಜನನ್ನು ಮತ್ತೆ ಮೊದಲ ಊರಿನಿಂದ, ಅರ್ಧ ಹೊತ್ತಿನಲ್ಲಿ ಬೆಳೆಸಬೇಕು. ಬೆಳೆಸಿದರೂ ಅವನು ಮೊದಲಿನ ಧರ್ಮರಾಜನಂತೂ ಆಗುವುದಿಲ್ಲ. ಆದರೂ ರೂಪಾಲಿ "ಹೂಂರಿ" ಎಂದಳು, ಈ ಸಲ ಮನಸ್ಸಿಟ್ಟು.

ಶೈಲೇಶನಿಗೆ ಹೋದ ಜೀವ ಬಂದಿತ್ತು. ಕನ್ನಡಿಯಲ್ಲಿ ತಾಯಿಯ ಮುಖ ನೋಡಿ, "ಅವ್ವಾ, ನಿನಗೂ ಗೇಮ್ ಕಲಿಸಲೇನು? ಸರಳ ಅದ," ಎಂದ.

"ಬ್ಯಾಡ."

"ಮತ್ತ ಒಂದು ತಾಸು ಒಳಗ ಏನ್ ಮಾಡತಿ?"

"ಅದನ್ನ ಆಮ್ಯಾಲ ನೋಡತೀನಿ," ಎಂದರು ಶಾರದಾಬಾಯಿ. "ಮೊದಲ ಕದಾ ಹಾಕ್ಕೋತೀನಿ."